ತಟ್ಟೆ ಬಡಿಯುವ ಪಾಳಿ

ಹೊಸ ಕ್ಯಾಮೆರಾ, ಮೊಳದುದ್ದದ ಲೆನ್ಸ್ ಕೊಂಡು ಮೂರು ವಾರದಲ್ಲಿ ನಾನು ತೆಗೆದದ್ದು ಬರೀ ಎಲೆಗಳ ಫೋಟೊ. ಹಕ್ಕಿ ಕೂತಿದ್ದ ಎಲೆ, ಹಕ್ಕಿ ಹಾರಿಹೋದ ಮೇಲಿನ ಎಲೆ. ನಮ್ಮವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, "ಎಲೆ ಭಾಳ ಚೆನ್ನಾಗಿ ಬಂದೈತೆ" ಅನ್ನುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ದೀಪಾವಳಿಯೊಳಗೆ ಒಂದು ಕೆಂಪು ರಾಟವಾಳದ ನೆಟ್ಟಗಿನ ಫೋಟೊ ತೆಗೀದಿದ್ರೆ ಈ ಲೆನ್ಸು ಮಾರಿಬಿಡ್ತೀನಿ" ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ಯಾಕಾದರೂ ಹೇಳಿದೆನೋ ಅನ್ನಿಸಿತು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ನನಗೆಂದೇ ಕೊಂಡ ಮೊದಲ ವಸ್ತು ಅದು.

ಕೆಂಪು ರಾಟವಾಳ ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ. ಗಂಡಿಗೆ ಮೈತುಂಬ ಕುಂಕುಮದ ಬಣ್ಣ, ಮೇಲೆ ಬಿಳಿ ಚುಕ್ಕಿ. ಭತ್ತ ಹಾಲುಗಾಳಾದಾಗ ಹಿಂಡುಹಿಂಡಾಗಿ ಬರುತ್ತದೆ. ಹಬ್ಬದ ಹಿಂದಿನ ದಿನ ಬೆಳಗ್ಗೆ ಚನ್ನಗಿರಿಯಿಂದ ಸ್ಕೂಟಿ ಹತ್ತಿ ಕತ್ತಲಗೆರೆ ಕಡೆಯ ಗದ್ದೆಯೊಂದಕ್ಕೆ ಹೋದೆ. ಬದುವಿನ ಮೇಲೆ ಗದ್ದೆಯ ಯಜಮಾನಿ ಸ್ಟೀಲ್ ತಟ್ಟೆ ಹಿಡಿದು ಢಣಢಣ ಬಡಿಯುತ್ತ ನಿಂತಿದ್ದರು.

"ಅಮ್ಮಾ, ಅರ್ಧ ಗಂಟೆ ಬಡೀಬೇಡ್ರಿ. ಹಕ್ಕಿ ಫೋಟೊ ತೆಗೀಬೇಕು" ಎಂದೆ.

"ಚೆನ್ನಾಗಿ ಹೇಳಿದ್ರಿ! ನಾನು ಓಡ್ಸಾಕೆ ನಿಂತೀನಿ, ನೀವು ಕರ್ಯಾಕೆ ಬಂದೀರಿ." ಕೊಂಚ ಯೋಚಿಸಿ ಅವರೇ ಪಾಳಿ ಗೊತ್ತುಮಾಡಿದರು. "ಅರ್ಧ ಗಂಟೆ ನಿಮ್ದು. ಆಮೇಲೆ ಅರ್ಧ ಗಂಟೆ ನೀವು ತಟ್ಟೆ ಬಡೀರಿ, ನಾನು ಮನೆಗೆ ಹೋಗಿ ರೊಟ್ಟಿ ತಿಂದು ಬರ್ತೀನಿ. ಒಂದು ಹಕ್ಕೀನೂ ಕೂರಂಗಿಲ್ಲ. ಒಪ್ಗೇನಾ?"

ಒಪ್ಪಿದೆ.

ನನ್ನ ಪಾಳಿಯಲ್ಲಿ ರಾಟವಾಳಗಳು ಬಂದವು. ಹಾಳಾದ ಲೆನ್ಸು ಹಕ್ಕಿಯನ್ನು ಬಿಟ್ಟು ಅದರ ಮುಂದಿನ ತೆನೆಯನ್ನೇ ಹಿಡಿಯಿತು. ಅಷ್ಟೂ ಫೋಟೊಗಳಲ್ಲಿ ಕಾಳು ಸ್ಪಷ್ಟ. ಹಿಂದೆ ಅಳಿಸಿಹೋದ ಕುಂಕುಮದ ಹಾಗೆ ಹಕ್ಕಿ. ಆ ಅಮ್ಮ ಬಗ್ಗಿ ನೋಡಿ ಹಿಗ್ಗಿದರು. "ಅಯ್ಯ, ನಮ್ಮ ಭತ್ತ ಎಷ್ಟು ಚೆಂದ ಕಾಣ್ತೈತೆ! ಇದ್ನ ನಮ್ಮ ಯಜಮಾನ್ರ ಮೊಬೈಲಿಗೆ ಹಾಕ್ರಿ." ಹಾಕಿದೆ. ತಟ್ಟೆಯನ್ನು ನನ್ನ ಕೈಗಿಟ್ಟು, ತಿರುಗಿಯೂ ನೋಡದೆ ಅವರು ಹೊರಟರು.

ಹತ್ತು ನಿಮಿಷ ಆಗಿರಬಹುದು. ಒಂದು ಗಂಡು ರಾಟವಾಳ ತೆನೆಯ ತುದಿಗೆ ಬಂದು ಕೂತಿತು. ಅಡ್ಡ ಒಂದೂ ಎಲೆಯಿಲ್ಲ, ಮೈಮೇಲೆ ಎಳೆಬಿಸಿಲು. ಕ್ಯಾಮೆರಾ ನನ್ನಿಂದ ನಾಲ್ಕು ಹೆಜ್ಜೆ ಆಚೆ ಸ್ಟ್ಯಾಂಡಿನ ಮೇಲಿತ್ತು. ಸದ್ದಿಲ್ಲದೆ ತೆವಳಿ ಅದರ ಹಿಂದೆ ಸೇರಿ ಗುರಿಯಿಡಲು ಐದು ನಿಮಿಷವಾದರೂ ಬೇಕು. ಅಷ್ಟರಲ್ಲಿ ಇಡೀ ಹಿಂಡು ಇಳಿಯುತ್ತದೆ. ಆಗಲೇ ಹಿಂದಿನಿಂದ ಇಳಿಯತೊಡಗಿತ್ತು. ಐದು ನಿಮಿಷ ತಾನೆ, ಯಾರು ನೋಡುತ್ತಾರೆ ಅನ್ನಿಸಿತು. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೇ ಆ ಅಮ್ಮ ತಟ್ಟೆ ಕೊಟ್ಟು ಹೋಗಿದ್ದರು. ಕಣ್ಣು ಮುಚ್ಚಿಕೊಂಡು ಬಡಿದೆ. ಕಣ್ಣು ಬಿಟ್ಟಾಗ ಬರೀ ತೆನೆ ತೂಗುತ್ತಿತ್ತು.

ಸಂಜೆ ನಮ್ಮವರು, "ಏನು, ಸಿಕ್ತಾ ಹಕ್ಕಿ?" ಎಂದರು.

"ಎದುರಿಗೇ ಕೂತಿತ್ತು. ನಾನೇ ಓಡಿಸಿದೆ."

ಕಥೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಲೆನ್ಸನ್ನು ಡಬ್ಬಿಗೆ ಹಾಕಿ ಅವರ ಮುಂದಿಟ್ಟೆ.

"ತಗೊಳ್ರಿ, ಮಾರಾಕೆ ಹಾಕ್ರಿ. ಅಲ್ಲಿ ಕೊಟ್ಟ ಮಾತು ಉಳಿಸ್ಕೊಂಡು ಇಲ್ಲಿ ತಪ್ಪಾಕೆ ಆಗಲ್ಲ" ಎಂದು ಡಬ್ಬಿಯನ್ನು ಅವರತ್ತ ಸರಿಸಿದೆ.

ಅವರ ನಗು ಅಲ್ಲಿಗೇ ನಿಂತಿತು.