ತೆಗೆದಿಟ್ಟ ರಟ್ಟುಗಳು

ನನಗೆ ಭಯ ಶುರುವಾಗಿದ್ದು ಒಂದು ಅಳತೆಪಟ್ಟಿಯಿಂದ. ನಗಬೇಡಿ, ಹೇಳುತ್ತೇನೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗ ಗಂಡನದು, ಚಿತ್ರ ನನ್ನದು. ಸೀರೆಯಂಚಿನ ಹಂಸ, ಗಿಳಿ, ಬಳ್ಳಿಗಳನ್ನು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದೆ. ಚಿತ್ರದ ಒಂದೊಂದು ಸಾಲಿಗೂ ಒಂದೊಂದು ರಟ್ಟು; ಅದಕ್ಕೆ ತೂತು ಹೊಡೆದು, ಎಲ್ಲವನ್ನೂ ಸಾಲಾಗಿ ಹೊಲಿದು ಮಗ್ಗದ ಮೇಲೆ ಕಟ್ಟುತ್ತಿದ್ದೆವು. ಒಂದೊಂದು ಎಳೆ ಹಾಯಿಸಿದ ಮೇಲೂ ಅವರು ಮಗ್ಗದ ಹಲಗೆ ಬಡಿದಷ್ಟು ಬಿಗಿಯಾಗಿ ನೇಯ್ಗೆ ಕೂರುತ್ತಿತ್ತು.

ನನ್ನ ತವರು ಚಳ್ಳಕೆರೆ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಅಂಚಿನ ಚಿತ್ರ ಬರೆಸಲು ಬಂದ ಇವರು ನನ್ನ ಕೆಲಸ ನೋಡಿ, "ಇದು ಹಂಸನೋ, ನಾಟಿ ಕೋಳಿನೋ?" ಎಂದರು. "ನೇಯೋಕೆ ಬಂದ್ರೆ ಹಂಸ ಆಗ್ತೈತೆ" ಎಂದೆ. ಮಾರನೆಯ ವಾರ ಮತ್ತೆ ಬಂದರು. ಮೂರನೆಯ ಸಲ ಬಂದಾಗ ಅಪ್ಪನೇ, "ಚಿತ್ರ ಬೇಕೋ, ಹುಡುಗಿ ಬೇಕೋ, ಹೇಳಪ್ಪ" ಎಂದುಬಿಟ್ಟರು. ಆ ಮನುಷ್ಯನೆಂದರೆ ನನಗೆ ಪ್ರಾಣ. ಮುಚ್ಚಿಡುವುದೇನು ಬಂತು?

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನೇಯ್ದ ಅಂಚಿನ ಮೇಲೆ ಪಟ್ಟಿ ಇಟ್ಟರೆ ಹಂಸ ಉದ್ದವಾಗಿತ್ತು. ದುಂಡಗಿನ ಹೊಟ್ಟೆ ಸೋರೆಕಾಯಿಯಂತಾಗಿತ್ತು. ಚಿತ್ರ ಅದೇ, ರಟ್ಟು ಅವೇ. ಬಡಿಯುವ ಕೈ ಸೋತು ಎಳೆಗಳು ಸಡಿಲವಾಗಿ ಕೂತರೆ ಮಾತ್ರ ಹೀಗಾಗುತ್ತದೆ.

ಪಕ್ಕದ ಮನೆಯ ನೇಕಾರನಿಗೆ ಅವನ ಹೆಂಡತಿ, ಕೈ ಸೋತಿದೆ ಎಂದು ಮುಖದ ಮೇಲೆ ಹೇಳಿದ್ದಳು. ಅವನು ಮಗ್ಗ ಬಿಚ್ಚಿ ಮೂಲೆ ಹಿಡಿದವನು ಮತ್ತೆ ಏಳಲಿಲ್ಲ. ಇವರೂ ಹಾಗಾದರೆ ಎಂದು ನನಗೆ ನಡುಕ. ಅವರು ಟೀ ಕುಡಿಯಲು ಹೋದಾಗ ರಟ್ಟಿನ ಸಾಲು ಬಿಚ್ಚಿ, ಅಲ್ಲಲ್ಲಿಂದ ನಾಲ್ಕು ತೆಗೆದು ಮತ್ತೆ ಹೊಲಿದೆ. ಸಾಲು ಕಡಿಮೆಯಾಗಿ ಹಂಸ ದುಂಡಗಾಯಿತು. ಎಂಥ ಜಾಣೆ ನಾನು!

ಎರಡು ತಿಂಗಳಿಗೆ ಹಂಸ ಮತ್ತೆ ಉದ್ದವಾಯಿತು. ಮತ್ತೆ ಮೂರು ತೆಗೆದೆ. ಇವರು ಅಂಚು ಸವರಿ, "ನೋಡೇ, ಕೈ ಅಂದ್ರೆ ಇದು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು ಹಲಗೆಯ ಒಂದೊಂದು ಪೆಟ್ಟಿಗೂ ಕಿವಿ ಕೊಡುತ್ತಿದ್ದೆ, ಅನ್ನ ಸೀದದ್ದೂ ತಿಳಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಮಗ್ಗದ ಮೇಲೆಯೇ ಕುಸಿದರು. ಚಳ್ಳಕೆರೆಯ ಡಾಕ್ಟರು ಸ್ಕ್ಯಾನ್ ನೋಡಿ, ತಲೆಯೊಳಗೆ ಗಡ್ಡೆ ಬೆಳೆದಿದೆ ಎಂದರು. "ಕೈಯಲ್ಲಿ ಶಕ್ತಿ ಕಮ್ಮಿ ಆಗಿದ್ದು ಯಾವಾಗಿಂದ? ಆಗ್ಲೇ ಬಂದಿದ್ರೆ ಆಪರೇಷನ್ ಮಾಡ್ಬಹುದಿತ್ತು."

"ಕೈಗೇನೂ ಆಗಿರ್ಲಿಲ್ಲ ಸಾರ್" ಎಂದರು ಇವರು. "ಹೋದ ವಾರ ನೇಯ್ದಿದ್ದು ಮನೇಲೈತೆ, ಬೇಕಾದ್ರೆ ನೋಡ್ರಿ. ಒಂದು ಹಂಸಾನೂ ಕೆಟ್ಟಿಲ್ಲ." ನನ್ನ ಕಡೆ ತಿರುಗಿದರು. "ಹೇಳೇ, ಅಳತೆ ನೋಡ್ತಿದ್ದೋಳು ನೀನೇ ಅಲ್ವಾ?"

"ಹೌದು ಸಾರ್, ಸರಿಯಾಗೇ ಇತ್ತು" ಎಂದೆ.

ಆಮೇಲೆ ನಲವತ್ತು ದಿನ ಇದ್ದರು. ಪ್ರತಿ ಬೆಳಿಗ್ಗೆ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದರೆ ನನ್ನನ್ನು ಹೇಗೆ ನೋಡುತ್ತಾರೋ ಎಂದು ಹೆದರಿ ಗಂಜಿ ಕುಡಿಸಿ ಏಳುತ್ತಿದ್ದೆ. ಅವರು ಹೋದ ಮೇಲೂ ಆ ಹೆದರಿಕೆ ಹೋಗಿಲ್ಲ. ಮನೆಗೆ ಬಂದವರಿಗೆಲ್ಲ ಅತ್ತೆ, "ನನ್ ಮಗನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ಳು" ಎಂದು ನನ್ನ ತಲೆ ಸವರುತ್ತಾರೆ. ನಾನು ಸುಮ್ಮನೆ ಕೂತು ಸವರಿಸಿಕೊಳ್ಳುತ್ತೇನೆ.