ಎರಡು ಬೆರಳು ಹೆಚ್ಚು

ಹೊಲಿಗೆ ಯಂತ್ರದ ಡ್ರಾಯರ್ ಎಳೆದರೆ ಇಂದಿಗೂ ಸಣ್ಣಗೆ ವಾರ್ನಿಶ್ ವಾಸನೆ ಬರುತ್ತದೆ. ದಾರದುಂಡೆಗಳ ಅಡಿಯಲ್ಲಿ ಒಂದು ಸಾಗುವಾನಿ ಪಟ್ಟಿ ಇದೆ, ಗೇಣುದ್ದ, ಎರಡು ಬೆರಳು ಅಗಲ. ಮೊನ್ನೆ ಕೊಲ್ಲಿಯ ಈ ದ್ವೀಪದಲ್ಲಿ, ಜಿಂಜ್ ಬಡಾವಣೆಯ ನಮ್ಮ ಮನೆಯಲ್ಲಿ, ಮೊಮ್ಮಗಳು ಅದನ್ನು ಕೈಗೆತ್ತಿಕೊಂಡು, ಇದು ಸ್ಕೇಲಾದರೆ ಗೆರೆಗಳು ಯಾಕಿಲ್ಲ ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ಏನೋ ಹೇಳಿ ಹಾರಿಸಿಬಿಟ್ಟೆ. ಹೇಳಬೇಕಾಗಿದ್ದದ್ದು ಬಡಗಿ ಆಚಾರ್ರ ವಿಷಯ...

ಎಪ್ಪತ್ತರ ದಶಕದ ಕೊನೆ. ನನ್ನವರಿಗೆ ಸಲ್ಮಾನಿಯಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನಾನು ಮನಾಮದ ಪೇಟೆಯಲ್ಲಿ ‘ನೂರು ಫಿಲ್ಸ್ ಅಂಗಡಿ’ಯಲ್ಲಿ ದಾರ, ಗುಂಡಿ ಮಾರುತ್ತಿದ್ದೆ. ಬೋರ್ಡಿನ ಮೇಲೆ ಬೇರೆ ದೊಡ್ಡ ಹೆಸರೇ ಇತ್ತು. ಆದರೆ ಶುರುವಿನಲ್ಲಿ ನೂರು ಫಿಲ್ಸ್, ಅಂದರೆ ಇಲ್ಲಿನ ದಿನಾರಿನ ಹತ್ತನೇ ಒಂದು ಪಾಲು, ಮೀರಿದ ವಸ್ತು ಒಳಗೆ ಇಲ್ಲದ್ದರಿಂದ ಜನ ಇಟ್ಟ ಹೆಸರೇ ನಿಂತಿತು. ಸೂಕಿನ, ಅಂದರೆ ಅರಬಿ ಪೇಟೆಯ, ಹಳೆಯ ಅಂಗಡಿಗಳಲ್ಲಿ ಸಾಮಾನು ಅಂಗಡಿಯವನ ಬೆನ್ನ ಹಿಂದೆ ಇರುತ್ತಿತ್ತು, ಕೇಳಿಯೇ ಪಡೆಯಬೇಕು. ಇಲ್ಲಿ ಮುಟ್ಟಿ ನೋಡಬಹುದಿತ್ತು. ಬೀದಿಗೆ ಮುಖಮಾಡಿದ ಗಾಜಿನ ಕಪಾಟುಗಳು ಎರಡೂ ಕಡೆಯಿಂದ ಬಾಗಿ ಬಾಗಿಲಿನ ಒಳಗಿನವರೆಗೂ ಸಾಗಿದ್ದವು. ಗೊಂಬೆ, ಬಾಚಣಿಗೆ ನೋಡುತ್ತ ಬಂದವರಿಗೆ ಬಾಗಿಲು ದಾಟಿದ್ದೇ ತಿಳಿಯುತ್ತಿರಲಿಲ್ಲ. ಒಳಗೆ ಮೊಸಾಯಿಕ್ ನೆಲ, ಎತ್ತರದ ಕಂಬಗಳು, ಗಾಜು ಕೂರಿಸಿದ ಮರದ ಕೌಂಟರುಗಳು, ಒಂದೊಂದರ ನಡುವೆ ಒಬ್ಬೊಬ್ಬಳು ಮಾರುವವಳು. ಅಟ್ಟದ ಮೇಲೆ ಮ್ಯಾನೇಜರರ ಕೋಣೆ. ಅದರ ಕಿಟಕಿಗೆ ನಾವು ಆಕಳಿಸಿದ್ದೂ ಕಾಣುತ್ತಿತ್ತು.

ಎಲ್ಲ ಶಾಖೆಗಳೂ ಒಂದೇ ಅಚ್ಚಿನವು. ಎಡಗಡೆಯ ಮೂರನೆಯ ಕೌಂಟರೆಂದರೆ ಸೂಜಿ ದಾರ. ಕಣ್ಣು ಮಂಜಾದ ಅರಬಿ ಮುದುಕಿಯೊಬ್ಬಳು ಯಾವ ಶಾಖೆಗೆ ಹೋದರೂ ನೇರವಾಗಿ ಅಲ್ಲಿಗೇ ಬಂದು ಕೈ ಚಾಚುತ್ತಿದ್ದಳು. ಆ ಕೌಂಟರುಗಳನ್ನೆಲ್ಲ ಮಾಡಿದವರು ಆಚಾರ್ರು. ಕಾರ್ಕಳದ ಕಡೆಯವರು, ಕಿವಿಯಲ್ಲಿ ಪೆನ್ಸಿಲ್, ಮಾತು ಕಡಿಮೆ. ಅವರ ಮನೆಮಾತು ತುಳು, ನನ್ನದು ಕೊಂಕಣಿ, ಹಾಗಾಗಿ ನಮ್ಮೊಳಗೆ ಕನ್ನಡ. ಊರಿನ ಮರಗೆಲಸದ ಕೊಟ್ಟಿಗೆ ಅಣ್ಣನ ಪಾಲಾಗಿತ್ತಂತೆ. ಹಿಂದೆ ಹೋದರೆ ಉಳಿ ಹಿಡಿದು ಕೂರಲು ಜಾಗವಿಲ್ಲ ಎಂದು ಒಮ್ಮೆ ಹೇಳಿದ್ದರು.

ಪಕ್ಕದ ದ್ವೀಪದ ಮುಹರ್ರಕ್‌ನಲ್ಲಿ ಹೊಸ ಶಾಖೆ ಎದ್ದಾಗ ಅಲ್ಲಿನ ದಾರದ ಕೌಂಟರು ನನಗೆ ಎಂದಾಯಿತು. ನಕ್ಷೆ ಇಂಗ್ಲಿಷಿನಲ್ಲಿ. ನಾನು ಅಂಕಿ ಓದಿ ಹೇಳಬೇಕು, ಆಚಾರ್ರು ಹಲಗೆಯ ಮೇಲೆ ಗುರುತು ಹಾಕಬೇಕು. ಪ್ರತಿ ಅಳತೆ ಕೇಳಿದ ಮೇಲೆ ಅವರು ಬೆರಳ ಗೆಣ್ಣು ಎಣಿಸಿ ಏನೋ ಗುಣುಗುಣಿಸಿ ಎರಡು ಬೆರಳು ಮುಂದಕ್ಕೆ ಗೆರೆ ಎಳೆಯುತ್ತಿದ್ದರು. ಯಾಕೆಂದು ಕೇಳಿದರೆ, ನಕ್ಷೆಯ ಅಳತೆಗೆ ವಾಸ್ತುವಿನ ಲೆಕ್ಕದಲ್ಲಿ ಆಯಕ್ಕಿಂತ ವ್ಯಯ ಹೆಚ್ಚು ಬರುತ್ತದೆ, ಕೇಡಿನ ಅಳತೆ ಅದು ಎಂದರು. ಮನೆಯ ಬಾಗಿಲಿಗೆ, ಬಾವಿಗೆ ಆಯ ನೋಡುವುದು ನನಗೂ ಗೊತ್ತು. ನೂರು ಫಿಲ್ಸಿನ ಬಾಚಣಿಗೆಗೂ ಆಯವೇ ಎಂದು ಕೆಣಕಿದೆ. ಅವರು ನಕ್ಕು ಮುಂದಿನ ಹಲಗೆ ಎಳೆದುಕೊಂಡರು. ಹಳೆಯ ಶಾಖೆಗಳಲ್ಲೂ ಹೀಗೆಯೇ ಮಾಡಿದ್ದರಂತೆ. ಆಗೆಲ್ಲ ಮರ ನೋಡಿ ಇಲ್ಲಿಯೇ ಗಾಜು ಕತ್ತರಿಸುತ್ತಿದ್ದರು, ಯಾರಿಗೂ ಗೊತ್ತಾಗಿರಲಿಲ್ಲ.

ಈ ಸಲ ಗಾಜು ವಿಲಾಯಿತಿಯಿಂದ ಬಂತು, ನಕ್ಷೆಯ ಅಳತೆಗೇ ಕತ್ತರಿಸಿಕೊಂಡು. ಅಂಗಡಿ ತೆರೆಯಲು ಮೂರು ದಿನ ಇರುವಾಗ ಪೆಟ್ಟಿಗೆ ಒಡೆದು ಕೂರಿಸಿ ನೋಡಿದರೆ, ಎಲ್ಲ ಕೌಂಟರಿನಲ್ಲೂ ಗಾಜು ಎರಡು ಬೆರಳು ಗಿಡ್ಡ.

ಮ್ಯಾನೇಜರು ಬೊಂಬಾಯಿಯವರು, ಕೂಗಾಡುವ ಜಾತಿಯಲ್ಲ. ತಪ್ಪು ಯಾರದೋ ಅವರು ಇನ್ನು ನಮ್ಮಲ್ಲಿಲ್ಲ ಎಂದು ತಣ್ಣಗೆ ಹೇಳಿ, ನನ್ನತ್ತ ತಿರುಗಿ, ಅಂಕಿ ತಪ್ಪಾಗಿ ಓದಿದಿರಾ ಎಂದು ಕೇಳಿದರು. ನನ್ನ ವೀಸಾ ಗಂಡನದು, ಹೋದರೆ ಒಂದು ಕೆಲಸ ಹೋಗುತ್ತಿತ್ತು. ಆಚಾರ್ರ ವೀಸಾ ಕಂಪನಿಯದು, ಕೆಲಸ ಹೋದರೆ ದೇಶವನ್ನೇ ಬಿಡಬೇಕು. ಅದು ನನಗೆ ಆ ಗಳಿಗೆಯಲ್ಲೂ ಚೆನ್ನಾಗಿ ಗೊತ್ತಿತ್ತು. ಆದರೂ ಹೌದೆನ್ನಲು ನಾಲಿಗೆ ಏಳಲಿಲ್ಲ. ಹೊಸ ಕೌಂಟರಿನ ಆಸೆ... ಹೆದರಿಕೆಯೂ ಇರಬಹುದು.

“ಮೇಡಮ್ ನೇ ಠೀಕ್ ಪಢಾ,” ಎಂದರು ಆಚಾರ್ರು. “ದೋ ಉಂಗ್ಲಿ ಮೇರಾ ಹೈ.” ನಾನು ಓದಿದ್ದು ಸರಿ, ಹೆಚ್ಚಿನ ಎರಡು ಬೆರಳು ತನ್ನದು ಎಂದು.

ಹಾಗಾದರೆ ಮರ ಕತ್ತರಿಸು ಎಂದರು ಮ್ಯಾನೇಜರು. ಆಚಾರ್ರು ಒಪ್ಪಲಿಲ್ಲ. ಕತ್ತರಿಸದೆಯೇ ಸರಿಮಾಡುತ್ತೇನೆಂದು ಗರಗಸ ಹಿಡಿದು, ಪ್ರತಿ ಕೌಂಟರಿನಲ್ಲೂ ಎರಡು ಗಾಜುಗಳ ನಡುವೆ ಒಂದೊಂದು ಸಾಗುವಾನಿ ಪಟ್ಟಿ ಕೂರಿಸಿದರು. ಮೂರನೆಯ ದಿನ ನೋಡಿದವರೆಲ್ಲ ಅದು ಅಲಂಕಾರವೆಂದೇ ತಿಳಿದರು. ಮ್ಯಾನೇಜರರೂ ಕೈಯಾಡಿಸಿ ಮೆಚ್ಚಿದರು. ಆದರೆ ನಕ್ಷೆ ಮೀರುವವನನ್ನು ಇಟ್ಟುಕೊಳ್ಳಲಾಗದು ಎಂದು ಅದೇ ತಿಂಗಳು ಅವರ ವೀಸಾ ಕ್ಯಾನ್ಸಲ್ ಮಾಡಿಸಿದರು.

ಹೊರಡುವ ಹಿಂದಿನ ದಿನ ಆಚಾರ್ರು ನನ್ನ ಕೌಂಟರಿಗೆ ಬಂದು ಉಳಿದ ಪಟ್ಟಿಯ ತುಂಡೊಂದನ್ನು ಇಟ್ಟರು, ಹೊಲಿಗೆಗೆ ಅಳತೆಯಾದೀತು ಎಂದು. ಕತ್ತರಿಸಿದ್ದರೆ ಕೆಲಸ ಉಳಿಯುತ್ತಿತ್ತಲ್ಲ ಎಂದೆ. ನನ್ನ ತಪ್ಪನ್ನು ಅವರ ಹಟದ ಮೇಲೆ ಹೇರುವ ಹಾಗೆ ಕೇಳಿದೆನೇನೋ.

“ಬಾಚಣಿಗೆಗೆ ಆಯ ಯಾಕೆ ಅಂತ ಕೇಳಿದ್ರಲ್ಲ ಅಮ್ಮ,” ಎಂದರು. “ಅದು ಬಾಚಣಿಗೆಗೆ ಅಲ್ಲ. ಇದರ ಹಿಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವುದು ನೀವು. ಕೇಡಿನ ಅಳತೆಯೊಳಗೆ ನಿಮ್ಮನ್ನು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಹೋಗಿಬಿಟ್ಟರು. ವಿಳಾಸ ಕೇಳಬೇಕೆಂದು ಹೊಳೆದಾಗ ವಿಮಾನ ಏರಿಯಾಗಿತ್ತು.

ಆ ಕೌಂಟರಿನ ಹಿಂದೆ ಒಂಬತ್ತು ವರ್ಷ ನಿಂತೆ. ಬಂದವರ ಕೈ ತಾಗಿ ತಾಗಿ ನಡುವಿನ ಪಟ್ಟಿ ನುಣುಪಾಯಿತು. ಆಮೇಲೆ ಎಸಿ ಹಾಕಿದ ದೊಡ್ಡ ಅಂಗಡಿಗಳು ಬಂದವು, ನೂರು ಫಿಲ್ಸಿಗೆ ಬಾಚಣಿಗೆಯೂ ಸಿಗದ ಕಾಲ ಬಂತು, ಶಾಖೆಗಳು ಒಂದೊಂದಾಗಿ ಮುಚ್ಚಿದವು. ಕೌಂಟರುಗಳನ್ನು ಯಾರೋ ಸೌದೆಯ ಲೆಕ್ಕದಲ್ಲಿ ಒಯ್ದರು. ಆಚಾರ್ರು ಊರಿನಲ್ಲಿ ಅಣ್ಣನ ಕೊಟ್ಟಿಗೆಯಲ್ಲೇ ಕೂಲಿಗೆ ಕೂತಿದ್ದರೆಂದೂ ತೀರಿಕೊಂಡು ವರ್ಷಗಳಾದವೆಂದೂ ಕಾರ್ಕಳದವರೊಬ್ಬರು ಹೇಳಿದರು...

ಆಯ ವ್ಯಯದಲ್ಲಿ ನನಗೆ ಅಂದೂ ನಂಬಿಕೆಯಿರಲಿಲ್ಲ, ಇಂದೂ ಇಲ್ಲ. ಆದರೆ ಆ ಒಂಬತ್ತು ವರ್ಷದಲ್ಲಿ ನನಗೊಂದು ಕೇಡೂ ತಟ್ಟಲಿಲ್ಲ ಎಂಬುದು ನಿಜ. ಮೊನ್ನೆ ಮೊಮ್ಮಗಳ ಲಂಗದ ಅಂಚಿಗೆ ಪಟ್ಟಿ ಇಟ್ಟು ಗುರುತು ಹಾಕುವಾಗ ಕೈ ನಿಂತೇ ಹೋಯಿತು. ‘ತಪ್ಪು ನನ್ನದು.’ ಎರಡೇ ಶಬ್ದ, ಅಂದು ನಾನು ಹೇಳಿದ್ದರೆ ಹೋಗುತ್ತಿದ್ದದ್ದು ನನ್ನ ಒಂದು ಕೌಂಟರು ಮಾತ್ರ.