ಟ್ರೇಲರಿನ ಎಡಗಡೆಯ ಜಾಗ

ಶಕುನ, ಸೂಚನೆ ಅನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಲಸ ಇಲ್ಲದವರ ಮಾತು ಅಂತ ಮುಖದ ಮೇಲೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಹಾಗಂತ ನಂಬಿದೆ ಅಂತಲೂ ಅಲ್ಲ. ನಾನು ಓದಿದ್ದು ಮೂರನೇ ಇಯತ್ತೆ, ಕಂಡಷ್ಟೇ ಬರೆಯುತ್ತೇನೆ.

ಸಿರ್ಸಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಮಗ ಜೀಪಿನ ಹಿಂದೆ ಎಳೆಯುವ ಟ್ರೇಲರ್ ಮಾಡಿದ. ದಾರಿಯಲ್ಲಿ ಅದರ ತುಂಬ ಸಾಮಾನು, ನಿಂತಲ್ಲಿ ಇಳಿಸಿದರೆ ಮಲಗಲು ಜಾಗ. ರಜೆಯಲ್ಲಿ ಯಲ್ಲಾಪುರದ ಕಡೆ ಹೊಳೆ ದಂಡೆಯಲ್ಲಿ ಎರಡು ದಿನ ಇದ್ದು ಬರೋಣ ಅಂದ. ನಮ್ಮ ಯಜಮಾನರಿಗೆ ಆ ವಾರವೆಲ್ಲ ಎದೆ ಬಿಗಿ. "ಗ್ಯಾಸ್ ಆಗೇತಿ, ಓಮಕಾಳು ಅಗೀರಿ. ಮೊಮ್ಮಕ್ಕಳ ಆಸೆ ಮುರೀಬ್ಯಾಡ್ರಿ" ಅಂತ ಹೊರಡಿಸಿದವಳು ನಾನೇ.

ಸಾಮಾನು ತುಂಬಿದ್ದೂ ನಾನೇ. ಬನವಾಸಿಯಲ್ಲಿ ಇಪ್ಪತ್ತು ವರ್ಷ ಲಾರಿಗೆ ಅನಾನಸ್ ಜೋಡಿಸಿದ ಕೈ ಇದು. ಒಂದರ ಜುಟ್ಟಿನ ಸಂದಿಗೆ ಇನ್ನೊಂದರ ಬುಡ ಕೂರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಉಜ್ಜಿ ಕೊಳೆಯುತ್ತದೆ. ಸಿಲಿಂಡರ್, ನೀರಿನ ಕ್ಯಾನು, ಅಕ್ಕಿ ಡಬ್ಬಿ ಗಾಲಿಯ ಮೇಲೆ ಬರುವಂತೆ ಇಟ್ಟೆ. ಪಾತ್ರೆಯೊಳಗೆ ಪಾತ್ರೆ, ಅದರೊಳಗೆ ಖಾರದಪುಡಿ. ಸಂದಿಗೆಲ್ಲ ಸುರುಳಿ ಸುತ್ತಿದ ಬಟ್ಟೆ. ಮೊದಲು ಬೇಕಾಗುವ ತಾಡಪಾಲು ಕೊನೆಗೆ. ಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಮಗ ಮೊಣಕಾಲಿನಿಂದ ಒತ್ತಿ ಬಾಗಿಲು ಹಾಕಿದ.

ಸಂಜೆ ಹೊಳೆ ದಂಡೆ ಮುಟ್ಟಿ ಬಾಗಿಲು ತೆರೆದರೆ ಎಡಗಡೆ ಉದ್ದಕ್ಕೂ ಖಾಲಿ. ಒಬ್ಬರು ಕಾಲು ಚಾಚಿ ಮಲಗುವಷ್ಟು. ಕೀಲಿ ನನ್ನ ಸೊಂಟದಲ್ಲೇ ಇತ್ತು, ದಾರಿಯಲ್ಲಿ ಎಲ್ಲೂ ತೆರೆದಿಲ್ಲ. ಒಂದೊಂದೇ ಇಳಿಸಿ ನೋಡಿದೆ. ಒಂದು ಚಮಚವೂ ಕಮ್ಮಿ ಇಲ್ಲ. ಯಾವುದೂ ನಜ್ಜಾಗಿಲ್ಲ.

ಯಜಮಾನರು ನಕ್ಕರು. "ಏನಬೇ ಅನಾನಸ್ ತುಂಬಿದಾಕಿ, ಇದೇನ್ ಜಾಗ ಬಾಡಿಗಿಗೆ ಬಿಟ್ಟೀಯೇನ?"

"ನಿಮಗ ಒಂದು ಚೀಲದ ಬಾಯಿ ಕಟ್ಟಾಕ ಬರೂದಿಲ್ಲ, ಸುಮ್ನಿರ್ರಿ" ಅಂದೆ. ಸಿಟ್ಟಿಗೆ ಮತ್ತೆ ಅವರ ಹತ್ತಿರ ಮಾತಾಡಲಿಲ್ಲ. ಊಟ ಬಡಿಸಿದೆ, ಅಷ್ಟೇ.

ಬೆಳಿಗ್ಗೆ ಮುಖ ತೊಳೆಯಲು ಹೊಳೆಗೆ ಬಗ್ಗಿದವರು ಮೇಲೇಳಲಿಲ್ಲ. ಮಗ ಎದೆ ಒತ್ತಿದ, ಬಾಯಿಗೆ ಉಸಿರು ಊದಿದ. ಮುಗಿದಿತ್ತು. ಫೋನು ಹತ್ತಲಿಲ್ಲ. ಜೀಪಿನ ತುಂಬ ಸೊಸೆ, ಮಕ್ಕಳು.

"ಯವ್ವಾ, ಸಾಮಾನು ಇಲ್ಲೇ ಒಗದು ಅಪ್ಪನ್ನ ಟ್ರೇಲರಿನ್ಯಾಗ ಮಲಗಸೂಣು" ಅಂತ ಮಗ ಅತ್ತ.

"ಒಗೀಬ್ಯಾಡ. ಹಿಡೀತೈತಿ" ಅಂದೆ.

ಎಲ್ಲವನ್ನೂ ಬಂದಾಗ ಇದ್ದಂತೆಯೇ ತುಂಬಿ, ಎಡಗಡೆ ಅವರನ್ನು ಮಲಗಿಸಿದೆವು. ತಲೆಗೂ ಕಾಲಿಗೂ ಸರಿಯಾಯಿತು. ಮೊಣಕಾಲು ಮಡಚಬೇಕಾಗಲಿಲ್ಲ.

ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಅದೇ ಸಾಮಾನನ್ನು ಅಂಗಳದಲ್ಲಿ ಮತ್ತೆ ತುಂಬಿದೆ. ಗೇಣು ಜಾಗವೂ ಉಳಿಯಲಿಲ್ಲ. ತೆಗೆದು ಬೇರೆ ರೀತಿ ಜೋಡಿಸಿದೆ. ಬಾಗಿಲೇ ಹಾಕಲು ಬರಲಿಲ್ಲ. "ಯವ್ವಾ, ಸಾಕು ಮಾಡು" ಅಂತ ಮಗ ಕೈ ಹಿಡಿದು ಎಬ್ಬಿಸಿದ.

ಆಮೇಲೆ ಟ್ರೇಲರ್ ಮಾರಿದ. ಕೊಳ್ಳಲು ಬಂದವರು, "ಅಜ್ಜಿ, ಇದರಾಗ ಎಷ್ಟು ಸಾಮಾನು ಹಿಡೀತೈತ್ರಿ?" ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂದೆ.